ಮೇಲೆ ಏಳು, ಕೆಳಗೆ ಒಂದು

ಹೊರಗೆ ಬೀಗದ ಗುಂಡಿಗಳು ನಾಲ್ಕು ಸಲ ಕೂಗಿದವು. ಕೋಡ್ ಸರಿಯಾಗಿತ್ತು; ಟೀಚರ ಅಂಗಡಿಯ ಬಾಗಿಲು ತೆರೆಯಿತು.

ಅಣ್ಣ ಒಳಗೆ ಬಂದದ್ದು ಬೆನ್ನು ಮುಂದಾಗಿ. ಎಡಗೈಯಲ್ಲಿ ಸಲಕರಣೆಯ ಪೆಟ್ಟಿಗೆ. ಮುಖ ಇನ್ನೂ ಬೀದಿಯ ಕಡೆ, ಹಿಂದೆ ಉಳಿದ ತಂಗಿಯ ಕಡೆ.

“ಬಾರೇ ಪುಟ್ಟಿ. ಬಿಸಿಲಲ್ಲಿ ನಿಂತ್ಕೊಂಡು ಏನ್ ಎಣಿಸ್ತಾ ಇದ್ದೀಯಾ?”

ತಂಗಿ ಒಳಗೆ ಬಂದು ಕಿಟಕಿಯ ಪಕ್ಕ ನಿಂತಳು. ಎಣಿಸುತ್ತಿದ್ದದ್ದು ನಿಜ. ಈಚೆಗೆ ಅವಳ ತುಟಿಗಳು ಸುಮ್ಮನಿದ್ದಾಗಲೂ ಎಣಿಸುತ್ತವೆ. ಒಂದರಿಂದ ಮೂವತ್ತರವರೆಗೆ. ಮತ್ತೆ ಒಂದರಿಂದ.

ಒಂಬತ್ತು ದಿನದ ಹಿಂದೆ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ, ಅವಳ ಮೂರನೇ ಸೀಟಿನಿಂದ ಹೋದ ವಿಳಾಸದಲ್ಲಿ ಮನೆ ನಂಬರ್ 831 ಎಂದಿರಬೇಕಾದದ್ದು 297 ಎಂದಿತ್ತು. ಗಾಡಿ ಬೀದಿಯ ಇನ್ನೊಂದು ತುದಿಗೆ ಹೋಗಿ, ಮುಚ್ಚಿದ ಗೋದಾಮಿನ ಮುಂದೆ ನಿಂತಿತು. ಹನ್ನೊಂದು ನಿಮಿಷ ಹೋಯಿತು. ಗಡಿಯಾರ ರಿಪೇರಿ ಮಾಡುತ್ತಿದ್ದ ಮನುಷ್ಯ ಸತ್ತ. ಅಷ್ಟು ಹೊತ್ತೂ ಅವನ ಹೆಂಡತಿ ಫೋನಿನ ಆಚೆ ಕಡೆಯಲ್ಲಿ ಅವನ ಎದೆ ಒತ್ತುತ್ತಿದ್ದಳು. ಈಚೆ ಕಡೆಯಲ್ಲಿ ಕುಳಿತು ಎಣಿಸಿಕೊಟ್ಟವಳು ಈ ತಂಗಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ.

“ಅದನ್ನ ಮುಟ್ಟಬೇಡ,” ಎಂದರು ಟೀಚರ್.

ಬೆಂಚಿನ ಕಡೆ ಚಾಚಿದ್ದ ಅಣ್ಣನ ಕೈ ಹಿಂದೆ ಸರಿಯಿತು. ಬೆಂಚಿನ ಮೇಲೆ ಹಳೆಯ ಬಿಳಿ ಟವೆಲ್ ಹಾಸಿತ್ತು. ಅದರ ಮೇಲೆ ತಂಗಿಯ ಕೀಬೋರ್ಡ್. ಚಿಕ್ಕದು. ಬಲಗಡೆಯ ಅಂಕಿಗಳ ಚೌಕವೇ ಇಲ್ಲದ್ದು. ಗುಂಡಿಗಳನ್ನೆಲ್ಲ ಕಿತ್ತು ಪಕ್ಕದ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು.

“ಸತ್ತಿರೋದು ಅದೇ ಅನ್ನೋ ಹಾಗೆ ಮಲಗಿಸಿಬಿಟ್ಟಿದ್ದೀರಲ್ಲ ಟೀಚರ್,” ಎಂದ ಅಣ್ಣ. ಆಡಿದ ಮೇಲೆ ಮಾತು ಅವನಿಗೇ ಚುಚ್ಚಿತು. ತಂಗಿಯ ಕಡೆ ನೋಡಿದ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ಟೀಚರ್ ಮೂವತ್ತು ವರ್ಷ ಇದೇ ಕೋಣೆಯಲ್ಲಿ ಟೈಪಿಂಗ್ ಕಲಿಸಿದವರು. ಯಂತ್ರಗಳು ಹೋದ ಮೇಲೆ ಇಲ್ಲೇ ಕೀಬೋರ್ಡ್ ಮಾರಾಟ, ರಿಪೇರಿ. ಈಗಲೂ ವಕೀಲರು, ಕಚೇರಿಯವರು ಕಾಗದ ಹಿಡಿದು ಬರುತ್ತಾರೆ, ಇದನ್ನು ಹೊಡೆದವರು ಯಾರು ಹೇಳಿ ಎಂದು. ಟೀಚರ್ ಹೇಳುತ್ತಾರೆ. ಪೊಲೀಸರೂ ಎರಡು ಸಲ ಬಂದು ಹೋಗಿದ್ದರು. ಬೆರಳಿನ ತಪ್ಪು ಮುಖದ ಮಚ್ಚೆಯ ಹಾಗೆ ಎಂಬುದು ಅವರ ನಂಬಿಕೆ. ಒಬ್ಬೊಬ್ಬರಿಗೆ ಒಂದೊಂದು ಕಡೆ.

“ಒಂದೇ ಮಾತು ಬರೆದುಕೊಡಿ ಟೀಚರ್,” ಎಂದ ಅಣ್ಣ. “ಚಿಕ್ಕ ಕೀಬೋರ್ಡಿಂದ ತಪ್ಪಾಗಲ್ಲ ಅಂತ. ಅವರ ವರದೀಲಿ ಏನಿದೆ ಗೊತ್ತಾ? ‘ಆಟಕ್ಕೆ ಬಳಸುವ ಸಾಮಗ್ರಿಯನ್ನು ಕರ್ತವ್ಯಕ್ಕೆ ತಂದದ್ದೇ ಕಾರಣ.’ ತಂದುಕೊಟ್ಟವನು ನಾನು. ನನ್ನ ಕೀಬೋರ್ಡು ಅದು.”

“ಯಾಕೆ ಕೊಟ್ಟೆ?”

“ಅವಳ ಭುಜ. ದೊಡ್ಡದರ ಬಲಗಡೆ ಅಂಕಿಗಳು ಜಾಗ ತಿಂದುಬಿಡುತ್ತವೆ. ಮೌಸ್ ಇನ್ನೂ ಆಚೆ ಹೋಗುತ್ತೆ. ದಿನಕ್ಕೆ ಎಂಟು ಗಂಟೆ ಕೈ ಚಾಚಿ ಚಾಚಿ ರಾತ್ರಿ ಮಲಗೋಕೂ ಆಗ್ತಿರ್ಲಿಲ್ಲ ಇವಳಿಗೆ. ನಾನು ಆರು ವರ್ಷದಿಂದ ಚಿಕ್ಕದರಲ್ಲೇ ಆಡ್ತಿದೀನಿ. ಮೈ ಕೈ ನೋವು ಅಂದ್ರೆ ಏನು ಅಂತ ಗೊತ್ತಿಲ್ಲ.”

“ಆಟಕ್ಕೆ ಚಿಕ್ಕದು ಸರಿ. ಅಂಕಿ ಹೊಡೆಯೋರಿಗೆ ದೊಡ್ಡದು ತಗೊಳ್ಳಿ ಅಂತ ನಾನೇ ಬಂದವರಿಗೆಲ್ಲ ಹೇಳ್ತೀನಿ. ಈಗ ಉಲ್ಟಾ ಬರೀಲಾ?”

ಅಣ್ಣನ ಮುಖ ಬಿಳಿಚಿತು.

“ಹೆದರಬೇಡ. ಕೀಬೋರ್ಡ್ ಚೆನ್ನಾಗಿದೆ. ಒಂದೊಂದು ಕೀನೂ ಐವತ್ತು ಸಲ ಒತ್ತಿ ನೋಡಿದೆ. ಅದು ಸುಳ್ಳು ಹೇಳಲ್ಲ.” ಟೀಚರ್ ಕನ್ನಡಕ ತೆಗೆದು ತಂಗಿಯ ಕಡೆ ತಿರುಗಿದರು. “ನೀನು ಹೇಳೇ. ಮನೆ ನಂಬರ್ ನೀನೇ ಹೊಡೆದೆಯಾ?”

“ಹೂಂ.”

“ಕೈ ಎತ್ತಿದ್ದೆ—”

“ಇಲ್ಲ ಟೀಚರ್.”

ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರ.

ಕಂಟ್ರೋಲ್ ರೂಮಿನಲ್ಲೊಂದು ಪದ್ಧತಿ ಇತ್ತು, ಅಲ್ಲಿಗೆ ಕೀಬೋರ್ಡ್ ಮಾರುವ ಟೀಚರಿಗೂ ಗೊತ್ತಿದ್ದದ್ದು. ಫೋನಿನಲ್ಲಿ ಯಾರದೋ ಜೀವ ಹಿಡಿದುಕೊಂಡು ಕುಳಿತವರು ಎಡಗೈ ಎತ್ತಬೇಕು. ಆಗ ಬಿಡುವಾಗಿರುವವರು ತಮ್ಮ ಜಾಗದಿಂದಲೇ ಅವರ ವಿಳಾಸದ ಹಾಳೆಯನ್ನು ತೆರೆದು, ಖಾಲಿ ಉಳಿದದ್ದನ್ನು ತುಂಬಿ ಕಳಿಸಿಬಿಡುತ್ತಾರೆ. ಕೈ ಸೇರಿಸುವುದು ಎನ್ನುತ್ತಾರೆ ಇದಕ್ಕೆ. ಖಾಲಿ ಜಾಗ ಎಲ್ಲರ ಪರದೆಯ ಮೇಲೂ ಕೆಂಪಗೆ ಮಿಣುಕುತ್ತದೆ. ಆದರೆ ಯಾರು ಕೈ ಸೇರಿಸಿದರೂ ದಾಖಲೆಯಲ್ಲಿ ಉಳಿಯುವುದು ಫೋನ್ ಎತ್ತಿದವರ ಸೀಟು ಮಾತ್ರ.

ಟೀಚರ್ ಮತ್ತೆ ಕೇಳಲಿಲ್ಲ.

“ನೀನು ಹೋಗಿ ನಿನ್ನ ಕೆಲಸ ಮುಗಿಸ್ಕೊಂಡು ಬಾ,” ಎಂದರು ಅಣ್ಣನಿಗೆ. “ಇವಳು ಒಳಗೆ ಸ್ವಲ್ಪ ಒರಗಿಕೊಳ್ಳಲಿ. ನಿದ್ದೆ ಮಾಡಿ ಎಷ್ಟು ದಿನ ಆಯ್ತೋ.”

“ಪಕ್ಕದ ಕ್ಲಿನಿಕ್ಕಲ್ಲಿ ಎರಡು ಬೀಗ ಇದೆ. ಅರ್ಧ ಗಂಟೆ.” ಅಣ್ಣ ಬಾಗಿಲವರೆಗೆ ಹೋಗಿ ನಿಂತ. “ಟೀಚರ್, ನಾಳೆ ಇವಳಿಗೆ ಏನೂ ಆಗಲ್ಲ ಅಲ್ವಾ?”

ಟೀಚರ್ ಗುಂಡಿಗಳ ತಟ್ಟೆಯನ್ನು ಎತ್ತಿಕೊಂಡರು.

*

ಒಬ್ಬರೇ ಆದ ಮೇಲೆ ಟೀಚರ್ ಒಂದು ಹಾಳೆ ತೆಗೆದುಕೊಂಡರು. ಮೇಲೆ 831 ಎಂದು ಬರೆದರು. ಅದರ ಕೆಳಗೆ 297.

ಚಿಕ್ಕ ಕೀಬೋರ್ಡಿನಲ್ಲಿ ಅಂಕಿಗಳು ಮೇಲ್ಸಾಲಿನಲ್ಲಿ ಒಂದರ ಪಕ್ಕ ಒಂದು ಇರುತ್ತವೆ. ಅಲ್ಲಿ ಬೆರಳು ಜಾರಿದರೆ ಪಕ್ಕದ ಮನೆಗೆ ಜಾರುತ್ತದೆ. ಎಂಟು ಏಳಾಗಬಹುದು, ಒಂಬತ್ತಾಗಬಹುದು. ಎರಡಾಗುವುದು ಹೇಗೆ? ಮೂರು ಅಷ್ಟು ದೂರದ ಒಂಬತ್ತಾಗುವುದು ಹೇಗೆ?

ಬೆಳಿಗ್ಗೆಯಿಂದ ಈ ಪ್ರಶ್ನೆ ಅವರನ್ನು ಕೊರೆಯುತ್ತಿತ್ತು. ಹನ್ನೊಂದು ಗಂಟೆಗೆ ಯಾರಿಗೋ ಫೋನ್ ಮಾಡಲು ಹೋದಾಗ ಉತ್ತರ ಕೈಯಲ್ಲೇ ಸಿಕ್ಕಿತ್ತು.

ಹಾಳೆಯ ಮೇಲೆ ಎರಡು ಚೌಕ ಎಳೆದರು. ಒಂದು ದೊಡ್ಡ ಕೀಬೋರ್ಡಿನ ಬಲಗಡೆಯದು: ಮೇಲೆ ಏಳು ಎಂಟು ಒಂಬತ್ತು, ಕೆಳಗೆ ಒಂದು ಎರಡು ಮೂರು. ಇನ್ನೊಂದು ಫೋನಿನದು: ಮೇಲೆ ಒಂದು ಎರಡು ಮೂರು, ಕೆಳಗೆ ಏಳು ಎಂಟು ಒಂಬತ್ತು. ನಡುವಿನ ಸಾಲು ಎರಡರಲ್ಲೂ ಒಂದೇ.

ಫೋನಿಗೆ ಒಗ್ಗಿದ ಬೆರಳು ನೋಡದೆ ಎಂಟನ್ನು ಹುಡುಕಿದರೆ ಕೆಳಸಾಲಿನ ನಡುವೆ ಹೋಗುತ್ತದೆ. ದೊಡ್ಡ ಕೀಬೋರ್ಡಿನಲ್ಲಿ ಅಲ್ಲಿರುವುದು ಎರಡು. ಮೂರಕ್ಕೆ ಹೋದರೆ ಒಂಬತ್ತು. ಒಂದಕ್ಕೆ ಹೋದರೆ ಏಳು.

831. 297.

ಅಂದರೆ ಆ ನಂಬರು ಮೂರನೇ ಸೀಟಿನ ಚಿಕ್ಕ ಕೀಬೋರ್ಡಿನಲ್ಲಿ ಹುಟ್ಟಿದ್ದೇ ಅಲ್ಲ. ಯಾರೋ ಕೈ ಸೇರಿಸಿದ್ದಾರೆ. ದೊಡ್ಡ ಕೀಬೋರ್ಡಿನ ಮುಂದೆ ಕುಳಿತವರು. ವರ್ಷಗಟ್ಟಲೆ ಫೋನಿನ ಗುಂಡಿ ಒತ್ತಿದ ಬೆರಳಿನವರು.

ಆ ಕೋಣೆಯಲ್ಲಿ ಅಂಥವರು ಒಬ್ಬರಿದ್ದರು. ಅವರು ನಾಲ್ಕು ಗಂಟೆಗೆ ಬರುವವರಿದ್ದರು.

*

“ಹಲೋ ಟೀಚರಮ್ಮ. ರೆಡಿ ಇದೆಯಾ?”

ಮೇಲ್ವಿಚಾರಕರು. ಇಪ್ಪತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ, ಅದು ಮುಚ್ಚಿದ ಮೇಲೆ ಕಂಟ್ರೋಲ್ ರೂಮಿಗೆ ಬಂದವರು. ಎದುರಿಗೆ ನಿಂತವರಿಗೂ ಹಲೋ ಎಂದೇ ಮಾತು ಶುರು ಮಾಡುತ್ತಾರೆ. ಹಾಗಾಗಿ ಕೈಕೆಳಗಿನವರ ಬಾಯಲ್ಲಿ ಅವರು ಹಲೋ ಸರ್.

“ಏಳು ದೊಡ್ಡವು,” ಎಂದರು ಟೀಚರ್. ಪೆಟ್ಟಿಗೆಗಳನ್ನು ಬೆಂಚಿನ ಮೇಲೆ ಪೇರಿಸಿಟ್ಟಿದ್ದರು.

“ಸರ್ಕ್ಯುಲರ್ ಬಂತಲ್ಲ. ಇನ್ನು ಆಟದ ಸಾಮಾನು ಒಳಗೆ ಬರಂಗಿಲ್ಲ. ನಾನು ಅವತ್ತೇ ಆ ಹುಡುಗಿಗೆ ಹೇಳಿದ್ದೆ.”

“ತಗೊಂಡು ಹೋಗೋ ಮುಂಚೆ ಪರೀಕ್ಷೆ ಮಾಡಿಬಿಡಿ ಸರ್. ಆಮೇಲೆ ಕೆಟ್ಟಿತ್ತು ಅಂತ ನನ್ನ ಮೇಲೆ ಬರಬಾರದು. ನಾನು ಅಂಕಿ ಹೇಳ್ತೀನಿ, ನೀವು ಬಲಗಡೆಯ ಚೌಕದಲ್ಲಿ ಹೊಡೀರಿ.”

ಟೀಚರ್ ಒಂದು ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿದರು; ಪರದೆ ಅವರ ಕಡೆಗಿತ್ತು. ಹಲೋ ಸರ್ ಕುಳಿತು ಅಂಗಿಯ ತೋಳು ಮಡಿಚಿಕೊಂಡರು.

“456.”

456.

“650.”

650. ನಡುವಿನ ಸಾಲೂ ಸೊನ್ನೆಯೂ ಯಾರನ್ನೂ ಹಿಡಿದುಕೊಡುವುದಿಲ್ಲ. ಟೀಚರಿಗೆ ಅದು ಗೊತ್ತಿತ್ತು. ಅವರು ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತರು, ಹಲೋ ಸರ್ ಕೀಬೋರ್ಡು ಬಿಟ್ಟು ತಮ್ಮನ್ನೇ ನೋಡಲಿ ಎಂದು.

“ಎಕ್ಸ್‌ಚೇಂಜಲ್ಲಿ ದಿನಕ್ಕೆ ಎಷ್ಟು ಕರೆ ಬರ್ತಿತ್ತು ಸರ್?”

“ಅಯ್ಯೋ, ಊಟಕ್ಕೂ ಬಿಡುವು ಇರ್ಲಿಲ್ಲ. ಬೆರಳು ಸವೆದು ಹೋಗಿದ್ವು.”

“831.”

ಟಕ್. ಟಕ್. ಟಕ್. ಅವರ ಕಣ್ಣು ಟೀಚರ ಮುಖದ ಮೇಲೇ ಇತ್ತು.

ಪರದೆಯ ಮೇಲೆ 831.

ಟೀಚರ್ ಪರದೆಯ ಹತ್ತಿರಕ್ಕೆ ಬಗ್ಗಿದರು. “172,” ಎಂದರು. 172. “938.” 938.

ಹಲೋ ಸರ್ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಇನ್ನೂ ಎಷ್ಟು ಟೀಚರಮ್ಮ? ಫೋನಿನ ಬೆರಳು ಹುಡುಕ್ತಾ ಇದ್ದೀರಿ. ಗೊತ್ತಾಯ್ತು ನನಗೆ.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಆ ಕಾಯಿಲೆ ನನಗೂ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಲ್ಲಾ ತಲೆಕೆಳಗು. ಮಗಳನ್ನ ಎದುರಿಗೆ ಕೂರಿಸ್ಕೊಂಡು, ಅವಳು ನಂಬರ್ ಹೇಳೋದು ನಾನು ಹೊಡೆಯೋದು, ಆರು ತಿಂಗಳು. ತಪ್ಪಿದಾಗೆಲ್ಲ ತಲೆ ಮೇಲೆ ಮೊಟಕ್ತಿದ್ಲು ಕತ್ತೆ.”

“ಹಾಗಾದ್ರೆ 297 ನೋಡಿದ ತಕ್ಷಣ ನಿಮಗೂ ಹೊಳೆದಿರಬೇಕು.”

ಹಲೋ ಸರ್ ಜೇಬಿನ ಪೆನ್ನನ್ನು ತೆಗೆದರು. ಮತ್ತೆ ಜೇಬಿಗೆ ಸಿಕ್ಕಿಸಿದರು.

“ಹೊಳೆದರೂ ಬಾಯಿ ಮುಚ್ಕೊಂಡು ಹುಡುಗಿಯ ತಲೆಗೆ ಕಟ್ಟಿದ್ರಿ.”

“ನನಗೆ ಇನ್ನು ಹದಿನಾಲ್ಕು ತಿಂಗಳು ಸರ್ವಿಸ್ ಇದೆ.”

“ನಾನು ಅದನ್ನ ಕೇಳಲಿಲ್ಲ ಸರ್.”

“ಉತ್ತರ ಅದೇ.” ಅವರು ಬಾಗಿಲ ಕಡೆ ಒಮ್ಮೆ ನೋಡಿದರು. “ಅವಳು ಕೈ ಎತ್ತಿದ್ಲು. ಇಲ್ಲ ಅಂತಾಳೆ. ಯಾಕೆ ಅಂತಾಳೋ ಗೊತ್ತಿಲ್ಲ. ನಾನು ಗಾಜಿಂದ ನೋಡಿದೆ. ಬೇರೆಯವರೆಲ್ಲ ಕರೆಯಲ್ಲಿದ್ರು. ನಾನು ಒಳಗೆ ಬರೋಷ್ಟರಲ್ಲಿ ವಿಳಾಸ ಹೋಗಿ ಆಗಿತ್ತು.”

“ಗಾಜಿಂದ ಅಂದ್ರೆ? ನೀವು ಎಲ್ಲಿದ್ರಿ?”

“ಬಾಗಿಲ ಆಚೆ. ಹೊಸ ಬೀಗ ಹಾಕಿಸ್ತಾ ಇದ್ವಿ. ಕೋಡ್ ಹಿಡಿಯುತ್ತಾ ಇಲ್ವಾ ಅಂತ ನಾನು ಹೊರಗಿಂದ ಒತ್ತಿ ನೋಡ್ತಿದ್ದೆ. ಕೋಡ್‌ಗಳನ್ನ ಕಂಪ್ಯೂಟರಿಗೆ ಸೇರಿಸಬೇಕಲ್ಲ, ಅದಕ್ಕೆ ಬೀಗದವನನ್ನ ನನ್ನ ಕುರ್ಚೀಲಿ ಕೂರಿಸಿದ್ದೆ. ನನ್ನ ಲಾಗಿನ್ ತೆಗೆದೇ ಇತ್ತು.” ಅವರು ಧ್ವನಿ ತಗ್ಗಿಸಿದರು. “ಹೊರಗಿನವನು ನನ್ನ ಲಾಗಿನ್ನಲ್ಲಿ. ಇದು ಹೊರಗೆ ಬಂದ್ರೆ ನನ್ನನ್ನ ಅಲ್ಲೇ ಮನೆಗೆ ಕಳಿಸ್ತಾರೆ.”

“ಬೀಗದವನು ಯಾರು?”

ಕೇಳುವಾಗಲೇ ಟೀಚರಿಗೆ ಈ ಪ್ರಶ್ನೆ ಬೇಡವಾಗಿತ್ತು ಎನಿಸಿತು.

ಹಲೋ ಸರ್ ಮತ್ತೆ ಪೆನ್ನು ತೆಗೆದು ಅದರ ತುದಿಯಿಂದ ಅಂಗಡಿಯ ಬಾಗಿಲನ್ನು ತೋರಿಸಿದರು. “ನಿಮಗೂ ಹಾಕಿಕೊಟ್ಟಿದಾನಲ್ಲ. ಅವಳ ಅಣ್ಣ. ಆದ್ರೆ ಟೀಚರಮ್ಮ, ಅವನು ಮುಟ್ಟಿದ್ದನ್ನ ನಾನು ನೋಡಿಲ್ಲ. ಆ ವಯಸ್ಸಿನವನಿಗೆ ಎಕ್ಸ್‌ಚೇಂಜಿನ ಬೆರಳು ಎಲ್ಲಿಂದ ಬರಬೇಕು ಹೇಳಿ?”

ಟೀಚರ್ ಆರು ಪೆಟ್ಟಿಗೆ ಎತ್ತಿಕೊಟ್ಟರು. ಏಳನೆಯದರ ವೈರ್ ಸಡಿಲ ಇದೆ, ನಾಳೆ ಕಳಿಸ್ತೀನಿ ಎಂದರು. ಅದರ ವೈರ್ ಗಟ್ಟಿಯಾಗಿಯೇ ಇತ್ತು.

ಅವರು ಹೋದ ಮೇಲೆ ಟೀಚರ್ ಬಾಗಿಲು ತೆರೆದು ಹೊರಗೆ ಬಂದರು. ಬೀದಿಯಲ್ಲಿ ಯಾರೋ ಅಂಗಡಿಯ ಮುಂದೆ ನೀರು ಚೆಲ್ಲುತ್ತಿದ್ದರು. ಎಂಟು ತಿಂಗಳಿಂದ ದಿನಕ್ಕೆ ಹತ್ತು ಸಲ ಮುಟ್ಟಿದ ಬೀಗವನ್ನು ಅವರು ಈಗ ಮೊದಲ ಸಲ ಎಂಬಂತೆ ನೋಡಿದರು.

ಮೇಲಿನ ಸಾಲು: ಒಂದು, ಎರಡು, ಮೂರು.

ದಿನಕ್ಕೆ ಐದಾರು ಬೀಗ. ಒಂದೊಂದಕ್ಕೂ ನೂರು ಸಲ ಒತ್ತಬೇಕು. ಮುಖ ಬೇರೆಲ್ಲೋ ಇಟ್ಟುಕೊಂಡು. ಮನೆಗೆ ಹೋದರೆ ಅಂಕಿಯ ಚೌಕವೇ ಇಲ್ಲದ ಚಿಕ್ಕ ಕೀಬೋರ್ಡ್. ದೊಡ್ಡದರ ಚೌಕ ಬೇರೆ ಥರ ಎಂದು ಆ ಬೆರಳುಗಳಿಗೆ ಯಾರೂ ಹೇಳಿರಲೇ ಇಲ್ಲ.

*

ತಿರುಗಿದರೆ ತಂಗಿ ಹಳೆಯ ಟೈಪ್‌ರೈಟರುಗಳ ಬೀರುವಿಗೆ ಒರಗಿ ನಿಂತಿದ್ದಳು. ಮಲಗಿರಲಿಲ್ಲ.

“ಎಲ್ಲಾ ಕೇಳಿಸಿಕೊಂಡೆಯಾ?”

“ಹೂಂ.”

“ಕೈ ಎತ್ತಿದ್ದೆ.”

“ಎತ್ತಿದ್ದೆ.” ಅವಳ ಧ್ವನಿ ಬಾವಿಯ ತಳದಿಂದ ಬಂದ ಹಾಗಿತ್ತು. “ಬೀದಿ ಹೆಸರು ಹೊಡೆದಿದ್ದೆ. ಆ ಹೆಂಗಸು ಕೂಗಿಕೊಂಡ್ರು, ಉಸಿರು ನಿಂತೋಯ್ತು ಅಂತ. ಎಂಟುನೂರ ಮೂವತ್ತೊಂದು ಅಲ್ವಾ ಅಂತ ಜೋರಾಗಿ ಕೇಳಿ ಕೈ ಎತ್ತಿದೆ. ಹತ್ತೊಂಬತ್ತು ಎಣಿಸೋವಾಗ ಖಾಲಿ ಜಾಗ ತುಂಬ್ತು. ಓದಲಿಲ್ಲ ಟೀಚರ್. ತುಂಬ್ತಲ್ಲ ಅಂತ ಸಮಾಧಾನ ಆಯ್ತು, ಅಷ್ಟೇ.”

“ಅವನೇ ಅಂತ ಯಾವಾಗ ಗೊತ್ತಾಯ್ತು?”

“ಫೋನ್ ಇಟ್ಟ ಮೇಲೆ. ತಿರುಗಿ ನೋಡಿದ್ರೆ ಅಣ್ಣ ಆ ಕುರ್ಚೀಲಿ ಕೂತ್ಕೊಂಡು ನನ್ನ ನೋಡಿ ಹೆಬ್ಬೆಟ್ಟು ಎತ್ತಿದ.”

ಟೀಚರ್ ಒಳಗೆ ಬಂದು ಬಾಗಿಲು ಮುಚ್ಚಿದರು.

“ಅವನಿಗೆ ತಿಳಿದಿದೆಯಾ?”

“ನಾನು ಕೇಳಿಲ್ಲ. ಅವನೂ ಆ ಮಾತು ಎತ್ತಿಲ್ಲ. ಮರೆತಿರಬಹುದು. ಎರಡು ಸೆಕೆಂಡಿನ ಕೆಲಸ.” ಅವಳು ಬೀರುವನ್ನು ಬಿಟ್ಟು ಹತ್ತಿರ ಬಂದಳು. “ನನಗಾದ್ರೆ ಕೆಲಸ ಹೋಗುತ್ತೆ. ಅವನು ಹೊರಗಿನವನು. ಅವನನ್ನ ಒಳಗೇ ಹಾಕ್ತಾರೆ. ಯಾರಾದ್ರೂ ಬರಲಿ ಅಂತ ಕೈ ಎತ್ತಿದ್ದು ನಾನು ಟೀಚರ್. ಅವನು ಬಂದ. ಅದು ತಪ್ಪಾ?”

“ಸಂಶಯದ ಮೇಲೆ ನಾನು ಒಂದಕ್ಷರ ಬರೆಯಲ್ಲ,” ಎಂದರು ಟೀಚರ್.

“ಹಾಗಾದ್ರೆ ಬರೀಬೇಡಿ.”

“ಬರೆಯದೆ ಇದ್ರೆ ನಾಳೆ ನಿನ್ನ ಕಥೆ ಮುಗೀತು.”

ಹೊರಗೆ ಬೀಗದ ಗುಂಡಿಗಳು ನಾಲ್ಕು ಸಲ ಕೂಗಿದವು.

“ಹಲೋ ಸರ್ ಎದುರಿಗೆ ಸಿಕ್ಕಿದ್ರು,” ಎನ್ನುತ್ತಲೇ ಅಣ್ಣ ಒಳಗೆ ಬಂದ. ಪೆಟ್ಟಿಗೆ ಕೆಳಗಿಟ್ಟ. “ಹಲೋ ಅಂದೆ. ಅವರಿಗೇ ಹಲೋ ಮರೆತುಹೋಗಿತ್ತು. ಮುಖ ತಿರುಗಿಸ್ಕೊಂಡು ಹೋದ್ರು. ಏನಾಯ್ತು ಟೀಚರ್?”

ಟೀಚರ್ ಏಳನೇ ಪೆಟ್ಟಿಗೆ ಬಿಚ್ಚಿದರು.

ತಂಗಿ ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಒಂದೇ ಸಲ.

“ಒಂದು ಕೀಬೋರ್ಡ್ ಉಳಿದಿದೆ ಕಣೋ. ನಂಬರ್ ಹೇಳ್ತೀನಿ, ಬಲಗಡೆಯ ಅಂಕಿ ಒತ್ತು. ಪರದೆ ನಾನು ನೋಡ್ಕೋತೀನಿ.”

“ಅಬ್ಬಾ, ಎಷ್ಟು ಉದ್ದ! ಇದರ ಮುಂದೆ ಕೂತ್ರೆ ಬಸ್ಸು ಓಡಿಸಿದ ಹಾಗಿರುತ್ತೆ.” ಅಣ್ಣ ನಗುತ್ತ ಕುಳಿತ. ತಂಗಿಯೂ ನಗಲಿ ಎಂದು ಅವಳ ಕಡೆಯೇ ನೋಡುತ್ತಿದ್ದ. ತಂಗಿ ಬಂದು ಟೀಚರ ಪಕ್ಕ ನಿಂತಳು, ಪರದೆ ಕಾಣುವ ಹಾಗೆ.

“456.”

456.

“ಮುಂದೆ?” ಎಂದ ಅಣ್ಣ.

ಟೀಚರ್ ಒಮ್ಮೆ ತಂಗಿಯನ್ನು ನೋಡಿ ಪರದೆಯ ಕಡೆ ತಿರುಗಿದರು.

“831.”

ಟಕ್ ಟಕ್ ಟಕ್. ಬಾಗಿಲು ತೆರೆಯುವವನ ಹಾಗೆ, ಕಣ್ಣು ತಂಗಿಯ ಮೇಲಿಟ್ಟುಕೊಂಡೇ ಒತ್ತಿದ.

ಪರದೆಯ ಮೇಲೆ 297.

ತಂಗಿಯ ಕೈ ಮುಂದೆ ಬಂದು ವೈರನ್ನು ಕಿತ್ತಿತು. ಪರದೆಯ ಮೇಲಿನ ಅಂಕಿಗಳು ಹಾಗೇ ಉಳಿದವು. ಇನ್ನು ಅವನ್ನು ಅಳಿಸಲು ಕೀಬೋರ್ಡೂ ಇರಲಿಲ್ಲ.

“ಯಾಕೇ? ಏನ್ ಬಂತು?”

“831,” ಎಂದಳು ತಂಗಿ. “ಸರಿಯಾಗೇ ಬಂತು ಅಣ್ಣ.”

ಟೀಚರ್ ಅವಳನ್ನು ತಿದ್ದಲಿಲ್ಲ. ತಿದ್ದಬೇಕಿತ್ತು.

ಅಣ್ಣ ಎದ್ದೇಳಲಿಲ್ಲ. ಅವನ ಮೂರು ಬೆರಳು ಇನ್ನೂ ಆ ಗುಂಡಿಗಳ ಮೇಲೇ ಇದ್ದವು. ತಂಗಿಯ ಕೈಯಲ್ಲಿದ್ದ ವೈರನ್ನು ನೋಡಿದ. ಆಮೇಲೆ ಅವಳ ಮುಖವನ್ನು. ಅವನ ನಗು ಎಲ್ಲಿಗೋ ಹೋಗಿತ್ತು.

“ಹಾಗಾದ್ರೆ,” ಎಂದ ಮೆಲ್ಲಗೆ, “ಆವತ್ತು ನಾನು ಹೊಡೆದಾಗ ಯಾಕೆ ಬರಲಿಲ್ಲ ಪುಟ್ಟಿ?”